ಹ್ಯಾಶ್‌ಟ್ಯಾಗ್ ಹಾಕಿದರೂ ಪೋಸ್ಟ್ ಹೊಸಬರನ್ನು ತಲುಪುತ್ತಿಲ್ಲವೇ? ದೋಷ ಹುಡುಕುವ ಕ್ರಮ

ದೂರು ಸಾಮಾನ್ಯವಾಗಿ ಒಂದೇ: ಪ್ರತಿ ಪೋಸ್ಟಿಗೂ ಹ್ಯಾಶ್‌ಟ್ಯಾಗ್ ಹಾಕುತ್ತೇನೆ, ಆದರೂ ನೋಡುವವರು ಮಾತ್ರ ಅದೇ ಹಳೆಯ ಪರಿಚಯದವರು. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಇನ್ನೂ ನಾಲ್ಕು ಟ್ಯಾಗ್ ಸೇರಿಸುವುದು. ಜ್ವರಕ್ಕೆ ಕಾರಣ ನೋಡದೆ ಮಾತ್ರೆ ಹೆಚ್ಚಿಸಿದಂತೆ ಇದು. ದೋಷ ಇರಬಹುದಾದ ಜಾಗಗಳು ನಾಲ್ಕೇ. ಬರೆದದ್ದು ಟ್ಯಾಗ್ ಆಗಿಯೇ ಇಲ್ಲದಿರಬಹುದು. ಟ್ಯಾಗ್ ಆಗಿದ್ದರೂ ಪೋಸ್ಟ್ ಹೊರಗಿನವರಿಗೆ ಕಾಣದಂತೆ ಮುಚ್ಚಿರಬಹುದು. ಕಾಣುತ್ತಿದ್ದರೂ ಸಂಬಂಧವಿಲ್ಲದ ಗುಂಪಿನ ನಡುವೆ ಬಿದ್ದಿರಬಹುದು. ಸರಿಯಾದ ಗುಂಪಿಗೆ ತಲುಪಿಯೂ ಪೋಸ್ಟ್ ಅವರನ್ನು ನಿಲ್ಲಿಸದೇ ಇರಬಹುದು.

ಪರೀಕ್ಷೆಯನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಎರಡಕ್ಕೆ ಐದು ನಿಮಿಷ ಸಾಕು. ಅಲ್ಲಿ ತಪ್ಪು ಉಳಿದಿದ್ದರೆ ಮುಂದಿನ ಎರಡರ ಮೇಲೆ ತಿಂಗಳುಗಟ್ಟಲೆ ಕೂತರೂ ಫಲವಿಲ್ಲ.

ಟ್ಯಾಗಿನಿಂದ ಏನು ನಿರೀಕ್ಷಿಸಬಹುದು ಎಂಬುದನ್ನೂ ಮೊದಲೇ ತಿಳಿದಿರಬೇಕು. 2007ರ ಆಗಸ್ಟ್ 23ರಂದು ಅಮೆರಿಕದ ತಂತ್ರಜ್ಞ ಕ್ರಿಸ್ ಮೆಸ್ಸಿನಾ ಈಗ ಎಕ್ಸ್ ಎನಿಸಿಕೊಂಡಿರುವ ಟ್ವಿಟರ್‌ನಲ್ಲಿ # ಗುರುತನ್ನು ಬಳಸೋಣ ಎಂದು ಸೂಚಿಸಿದ್ದು ಒಂದು ವಿಷಯದ ಮಾತುಗಳನ್ನು ಗುಂಪು ಮಾಡುವುದಕ್ಕೆ. ಇಂದಿಗೂ ಅದರ ಕೆಲಸ ಅದೇ. ಪುಸ್ತಕವನ್ನು ಯಾವ ಕಪಾಟಿನಲ್ಲಿ ಇಡಬೇಕು ಎಂದು ಹೇಳುವ ಚೀಟಿ ಅದು. ಆ ಕಪಾಟಿನ ಹತ್ತಿರ ಓದುಗರು ಬಂದರೆ ಮಾತ್ರ ಪುಸ್ತಕ ಕಣ್ಣಿಗೆ ಬೀಳುತ್ತದೆ.

ಮೊದಲ ಪರೀಕ್ಷೆ: ಬರೆದದ್ದು ಟ್ಯಾಗ್ ಆಗಿದೆಯೇ?

ಪೋಸ್ಟ್ ಪ್ರಕಟಿಸಿದ ಮೇಲೆ ಪ್ರತಿಯೊಂದು ಟ್ಯಾಗನ್ನೂ ಬೆರಳಿನಿಂದ ಒತ್ತಿ, ತೆರೆದುಕೊಳ್ಳುವ ಪುಟದ ಮೇಲಿರುವ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಬಣ್ಣ ಬದಲಾಗಿದೆ ಎಂದು ಅಲ್ಲಿಗೇ ಬಿಡಬೇಡಿ, ಅರ್ಧ ಪದಕ್ಕೆ ಮಾತ್ರ ಬಣ್ಣ ಬಂದಿರುವುದು ಚಿಕ್ಕ ಪರದೆಯಲ್ಲಿ ತಿಳಿಯುವುದಿಲ್ಲ.

ಒತ್ತಿದರೂ ಏನೂ ತೆರೆಯದಿದ್ದರೆ ಕಾರಣ # ಗುರುತಿನ ಅಕ್ಕಪಕ್ಕದಲ್ಲೇ ಇರುತ್ತದೆ. ಹಿಂದಿನ ಪದಕ್ಕೆ ಅಂಟಿಸಿ "ನಮ್ಮ#ಕೈತೋಟ" ಎಂದು ಬರೆದಿದ್ದರೆ ಎಕ್ಸ್‌ನಲ್ಲಿ ಅದು ಟ್ಯಾಗ್ ಆಗುವುದಿಲ್ಲ, ನಡುವೆ ಜಾಗ ಬಿಡಬೇಕು. # ಆದ ಮೇಲೆ ಜಾಗ ಬಿಟ್ಟರಂತೂ ಎಲ್ಲಿಯೂ ಆಗುವುದಿಲ್ಲ. ಬರೀ ಅಂಕಿಗಳ ಟ್ಯಾಗ್ ಎಕ್ಸ್‌ನಲ್ಲಿ ನಡೆಯದು. #2025 ಸುಮ್ಮನೆ ಅಕ್ಷರವಾಗಿ ಉಳಿಯುತ್ತದೆ, #ಕೈತೋಟ2025 ಒತ್ತಿದರೆ ತೆರೆಯುವ ಕೊಂಡಿಯಾಗುತ್ತದೆ. ಅಲಂಕಾರದ ಅಕ್ಷರಗಳ ಆ್ಯಪ್‌ನಿಂದ ನಕಲು ಮಾಡಿದ ಪಠ್ಯದಲ್ಲಿ # ಬದಲು ಸಂಗೀತದ ಶಾರ್ಪ್ ಚಿಹ್ನೆ ♯ ಬಂದಿರುವುದೂ ಉಂಟು. ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅಳಿಸಿ ಕೀಬೋರ್ಡ್‌ನಿಂದಲೇ ಒತ್ತಿ.

ಪದದ ಅರ್ಧ ಮಾತ್ರ ತೆರೆದರೆ ನಡುವೆ ಟ್ಯಾಗನ್ನು ಕತ್ತರಿಸುವ ಗುರುತು ಇದೆ ಎಂದರ್ಥ. ಅಡ್ಡಗೆರೆ, ಚುಕ್ಕೆ, ಅಲ್ಪವಿರಾಮ, ಉದ್ಧರಣ ಚಿಹ್ನೆ, ಶೇಕಡಾ ಗುರುತು, ಕೂಡಿಸುವ ಗುರುತು ಇವೆಲ್ಲ ಕತ್ತರಿಗಳೇ. "#ಕೈತೋಟ-ಸಲಹೆ" ಎಂದು ಬರೆದರೆ ಉಳಿಯುವುದು #ಕೈತೋಟ ಮಾತ್ರ. ಎರಡು ಪದಗಳನ್ನು ಸೇರಿಸಲು ನಂಬಬಹುದಾದ ಗುರುತು ಅಂಡರ್‌ಸ್ಕೋರ್: #ಕೈತೋಟ_ಸಲಹೆ. ಆದರೆ ಅಂಡರ್‌ಸ್ಕೋರ್ ಇರುವುದೂ ಇಲ್ಲದಿರುವುದೂ ಬೇರೆ ಬೇರೆ ಟ್ಯಾಗ್‌ಗಳು, ಒಂದರ ಪೋಸ್ಟ್ ಇನ್ನೊಂದರ ಪುಟದಲ್ಲಿ ಬರುವುದಿಲ್ಲ. ಎಮೋಜಿಯನ್ನು ಇನ್‌ಸ್ಟಾಗ್ರಾಮ್ 2015ರಿಂದ ಟ್ಯಾಗಿನೊಳಗೆ ಒಪ್ಪುತ್ತದೆ, ಎಕ್ಸ್ ಅಲ್ಲಿಗೇ ತುಂಡರಿಸುತ್ತದೆ. ಒಂದೇ ಪಠ್ಯವನ್ನು ಎರಡೂ ಕಡೆ ಹಾಕುವವರು ಎಮೋಜಿಯನ್ನು ಟ್ಯಾಗಿನಿಂದ ದೂರವಿಡುವುದು ಕ್ಷೇಮ.

ಇನ್‌ಸ್ಟಾಗ್ರಾಮ್ ಕಂಪನಿಯದೇ ಇನ್ನೊಂದು ತಾಣವಾದ ಥ್ರೆಡ್ಸ್‌ನ ಪದ್ಧತಿಯೇ ಬೇರೆ. ಅಲ್ಲಿ ಒಂದು ಪೋಸ್ಟಿಗೆ ಒಂದೇ ಟ್ಯಾಗ್, ಅದರೊಳಗೆ ಪದಗಳ ನಡುವೆ ಜಾಗವನ್ನೂ ಬಿಡಬಹುದು, ಪ್ರಕಟವಾದ ಮೇಲೆ # ಕಾಣಿಸುವುದಿಲ್ಲ. ಇನ್‌ಸ್ಟಾಗ್ರಾಮ್‌ನ ಟ್ಯಾಗ್ ಸಾಲನ್ನು ಹಾಗೇ ತಂದು ಅಂಟಿಸಿದರೆ ಒಂದು ಮಾತ್ರ ಕೆಲಸ ಮಾಡುತ್ತದೆ, ಉಳಿದವು ಕಸದಂತೆ ಕೂರುತ್ತವೆ.

ಕನ್ನಡ ಲಿಪಿಯ ಟ್ಯಾಗ್‌ಗಳಲ್ಲಿ ಅಡಗುವ ದೋಷಗಳು

ಈ ಭಾಗವನ್ನು ನಿಧಾನವಾಗಿ ಓದಿ. ಇಂಗ್ಲಿಷ್‌ನಲ್ಲಿ ಬಂದ ಸಲಹೆಗಳಲ್ಲಿ ಇದು ಸಿಗುವುದಿಲ್ಲ, ಕನ್ನಡದ ಟ್ಯಾಗ್ ಸೋಲುವುದು ಮಾತ್ರ ಹೆಚ್ಚಾಗಿ ಇಲ್ಲಿಯೇ.

ಮೊದಲನೆಯದು ವಿಭಕ್ತಿ ಪ್ರತ್ಯಯ. ಟ್ಯಾಗನ್ನು ವಾಕ್ಯದೊಳಗೇ ಹೆಣೆಯಿರಿ ಎಂಬ ಸಲಹೆ ಇಂಗ್ಲಿಷಿಗೆ ಒಗ್ಗುತ್ತದೆ, ಯಾಕೆಂದರೆ ಅಲ್ಲಿ "ಒಳಗೆ", "ಮೇಲೆ" ಎಂಬರ್ಥದ ಪದಗಳು ಮುಂಚೆಯೇ ಬಿಡಿಯಾಗಿ ಬರುತ್ತವೆ. ನಮ್ಮಲ್ಲಿ ಪ್ರತ್ಯಯ ಪದದ ಬಾಲಕ್ಕೆ ಅಂಟುತ್ತದೆ. "#ಕೈತೋಟದಲ್ಲಿ ಇಂದು ಮೊದಲ ಹೂ" ಎಂದು ಬರೆದರೆ ನೀವು ಸೇರಿದ್ದು "ಕೈತೋಟದಲ್ಲಿ" ಎಂಬ ಪುಟಕ್ಕೆ. ಅದನ್ನು ಹುಡುಕುವವರು ಯಾರು? #ಗಿಡಗಳಿಗೆ, #ಗಿಡವನ್ನು, #ಗಿಡದ ಇವೆಲ್ಲ ಒಂದೊಂದೂ ಬೇರೆ ಬೇರೆ ಟ್ಯಾಗ್. ಏಕವಚನ ಬಹುವಚನವೂ ಹಾಗೆಯೇ: #ಗಿಡ ಬೇರೆ, #ಗಿಡಗಳು ಬೇರೆ. ಕೆಲವರು "#ಗಿಡ ವನ್ನು" ಎಂದು ಒಡೆದು ಬರೆಯುತ್ತಾರೆ. ಕೊಂಡಿ ಸರಿಯಾಗುತ್ತದೆ, ಭಾಷೆ ಕೆಡುತ್ತದೆ. ಅದಕ್ಕಿಂತ ವಾಕ್ಯವನ್ನು ಸಹಜವಾಗಿ ಬರೆದು ಟ್ಯಾಗ್‌ಗಳನ್ನು ಕೊನೆಯಲ್ಲಿ ಬೇರೆ ಸಾಲಿನಲ್ಲಿ, ಪ್ರತ್ಯಯವಿಲ್ಲದ ಮೂಲರೂಪದಲ್ಲಿ ಇಡುವುದೇ ಮೇಲು. ವಾಕ್ಯದೊಳಗೇ ಬೇಕೆಂದರೆ ಪ್ರತ್ಯಯವನ್ನು ಮುಂದಿನ ಪದಕ್ಕೆ ದಾಟಿಸಿ: "#ಕೈತೋಟ ಕೆಲಸಕ್ಕೆ ಬೇಕಾದ ಸಲಕರಣೆ".

ಎರಡನೆಯದು ಕಣ್ಣಿಗೆ ಕಾಣದ ಅಕ್ಷರ. "ಹ್ಯಾಶ್‌ಟ್ಯಾಗ್" ಎಂಬ ಪದವನ್ನೇ ನೋಡಿ. "ಶ್" ಆದ ಮೇಲೆ "ಟ" ಒತ್ತಕ್ಷರವಾಗದೆ ಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಜೀರೋ ವಿಡ್ತ್ ನಾನ್ ಜಾಯಿನರ್ ಎಂಬ, ಅಗಲವೇ ಇಲ್ಲದ ಗುರುತೊಂದು ಇರಬೇಕು. ಅದಿಲ್ಲದಿದ್ದರೆ "ಹ್ಯಾಶ್ಟ್ಯಾಗ್" ಆಗುತ್ತದೆ. ಎಕ್ಸ್ ಪ್ರಕಟಿಸಿರುವ ನಿಯಮದಂತೆ ಅಲ್ಲಿ ಈ ಗುರುತು ಟ್ಯಾಗಿನೊಳಗೆ ಇರಬಹುದು. ಎಲ್ಲ ತಾಣಗಳೂ ಎಲ್ಲ ಆ್ಯಪ್‌ಗಳೂ ಹಾಗೆ ಒಪ್ಪುತ್ತವೆ ಎಂದು ನಂಬಿ ಕೂರುವಂತಿಲ್ಲ. ಒಪ್ಪದ ಕಡೆ ಟ್ಯಾಗ್ "#ಹ್ಯಾಶ್" ಎಂಬಲ್ಲಿಗೇ ಮುಗಿಯುತ್ತದೆ. ಒಪ್ಪುವ ಕಡೆಯೂ ಗುರುತು ಇರುವ ಪದ ಮತ್ತು ಇಲ್ಲದ ಪದ ಎರಡು ಬೇರೆ ಟ್ಯಾಗ್ ಆಗಬಹುದು. ಸಾಫ್ಟ್‌ವೇರ್, ಫೇಸ್‌ಬುಕ್, ಕ್ರಿಕೆಟ್‌ಪ್ರೇಮಿ ಹೀಗೆ ನಡುವೆ ಅರ್ಧಾಕ್ಷರ ನಿಂತು ಮತ್ತೆ ವ್ಯಂಜನ ಬರುವ ಯಾವ ಪದದಲ್ಲೂ ಈ ಅನುಮಾನ ಇಟ್ಟುಕೊಳ್ಳಿ.

ಗುರುತು ಇದೆಯೋ ಇಲ್ಲವೋ ತಿಳಿಯಲು ಕಂಪ್ಯೂಟರಿನಲ್ಲಿ ಕರ್ಸರನ್ನು ಪದದ ಮೊದಲಿಗೆ ಇಟ್ಟು ಬಲಬಾಣದ ಕೀಲಿಯನ್ನು ಒಂದೊಂದೇ ಸಲ ಒತ್ತಿ. ಒಂದು ಕಡೆ ಒತ್ತಿದರೂ ಕರ್ಸರ್ ಮುಂದೆ ಸರಿಯದಿದ್ದರೆ ಅಲ್ಲಿ ಕಾಣದ ಅಕ್ಷರ ಇರುವ ಸಾಧ್ಯತೆ ಹೆಚ್ಚು. ಪರಿಹಾರಕ್ಕೆ ಸುಲಭದ ದಾರಿ ಆ ಪದವನ್ನೇ ಬಿಟ್ಟು ಬೇರೆ ಪದ ಹಿಡಿಯುವುದು. #ತಂತ್ರಾಂಶ ಎಂದರೆ ಈ ತೊಡಕೇ ಇಲ್ಲ. ಬೇರೆ ಪದ ಇಲ್ಲದಿದ್ದರೆ ಎರಡೂ ರೂಪಗಳನ್ನು ಹುಡುಕಿ ನೋಡಿ, ಜನ ಹೆಚ್ಚು ಬಳಸಿರುವುದನ್ನು ಹಿಡಿಯಿರಿ.

ಇದರ ಜೊತೆಗಾರ ಜೀರೋ ವಿಡ್ತ್ ಜಾಯಿನರ್. "ರ‍್ಯಾಂಕ್" ಎಂದು ರಕಾರವನ್ನು ಪೂರ್ತಿಯಾಗಿ ತೋರಿಸಲು ಅದು ಬೇಕು. ಇಲ್ಲದಿದ್ದರೆ "ರ್ಯಾಂಕ್" ಎಂದು ಅರ್ಕಾವೊತ್ತು ಬರುತ್ತದೆ. ಓದುವವರಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡು.

ಮೂರನೆಯದು ಸೊನ್ನೆ. ಅನುಸ್ವಾರದ ಸೊನ್ನೆಗೂ ಕನ್ನಡ ಅಂಕಿಯ ಸೊನ್ನೆಗೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹಳೆಯ ಟೈಪಿಂಗ್ ಅಭ್ಯಾಸದವರು "ಸಂಗೀತ" ಬರೆಯುವಾಗ ಅನುಸ್ವಾರದ ಜಾಗದಲ್ಲಿ ಅಂಕಿ ಒತ್ತಿ "ಸ೦ಗೀತ" ಮಾಡುತ್ತಾರೆ. ಆ ಟ್ಯಾಗ್ ಕೊಂಡಿಯಾಗುತ್ತದೆ, ಪುಟವೂ ತೆರೆಯುತ್ತದೆ, ಒಳಗೆ ನಿಮ್ಮ ಪೋಸ್ಟ್ ಒಂದೇ ಇರುತ್ತದೆ. ಸಾವಿರಾರು ಜನ ಬಳಸುವ ಪದದ ಪುಟದಲ್ಲಿ ನೀವೊಬ್ಬರೇ ಕಂಡರೆ ಮೊದಲು ಸೊನ್ನೆಯನ್ನೇ ಅನುಮಾನಿಸಿ. ಟ್ಯಾಗನ್ನು ಪೂರ್ತಿ ಅಳಿಸಿ ಫೋನಿನ ಕೀಬೋರ್ಡ್‌ನಿಂದ ಹೊಸದಾಗಿ ಬರೆದರೆ ತಪ್ಪು ಹೋಗುತ್ತದೆ.

ನುಡಿ, ಬರಹದಂಥ ತಂತ್ರಾಂಶಗಳ ಹಳೆಯ, ಯೂನಿಕೋಡ್ (ಎಲ್ಲ ಸಾಧನಗಳೂ ಓದುವ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟ ಕಡತಗಳಿಂದ ನಕಲು ಮಾಡಿದರೆ ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಬೇರೆ ದಾರಿಯಿಲ್ಲ. ಪರಿವರ್ತಿಸಿದ ಮೇಲೂ ಅನುಸ್ವಾರ ಮತ್ತು ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ.

ಕೊನೆಯದಾಗಿ ಕಾಗುಣಿತ. ಕೈತೋಟ, ಕೈದೋಟ ಎರಡೂ ಬಳಕೆಯಲ್ಲಿವೆ. ಫೋಟೊ, ಫೋಟೋ. ಇಂಗ್ಲಿಷ್, ಇಂಗ್ಲೀಷ್. ಆ್ಯಪ್, ಆಪ್. ಒಂದೊಂದನ್ನೂ ಹುಡುಕುವ ಪೆಟ್ಟಿಗೆಯಲ್ಲಿ ಬರೆದು ಯಾವುದರಲ್ಲಿ ಈಚಿನ ಪೋಸ್ಟ್‌ಗಳಿವೆ ಎಂದು ನೋಡಿ. ವ್ಯಾಕರಣ ಯಾವುದನ್ನು ಸರಿ ಎನ್ನುತ್ತದೆ ಎಂಬುದಕ್ಕಿಂತ ಜನ ಯಾವುದನ್ನು ಟೈಪ್ ಮಾಡುತ್ತಾರೆ ಎಂಬುದು ಇಲ್ಲಿ ಮುಖ್ಯ. ಸರಿಯಾದ ರೂಪದ ಮೇಲೆ ಅಭಿಮಾನವಿದ್ದರೆ ಅದನ್ನು ಬರಹದೊಳಗೆ ಉಳಿಸಿಕೊಳ್ಳಿ, ಟ್ಯಾಗಿನಲ್ಲಿ ಬಳಕೆಯ ರೂಪ ಇರಲಿ.

ಉದ್ದದ ಲೆಕ್ಕವೂ ಇಲ್ಲಿಯೇ ಹೇಳಬೇಕಾದ್ದು. ಎಕ್ಸ್‌ನ 280 ಅಕ್ಷರಗಳ ಮಿತಿಯಲ್ಲಿ ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರ ಮಾಡುವ ಹಲಂತ ಎಲ್ಲವೂ ಒಂದೊಂದಾಗಿ ಎಣಿಕೆಗೆ ಬರುತ್ತವೆ. "ಸ್ವಾತಂತ್ರ್ಯ" ನಮಗೆ ಮೂರು ಅಕ್ಷರ, ಅಲ್ಲಿ ಅದು 11. #ಕೈತೋಟ ಎಂಬುದು # ಸೇರಿ 6. ಎಕ್ಸ್‌ನಂಥದೇ ತಾಣವಾದ ಬ್ಲೂಸ್ಕೈನಲ್ಲಿ ಮಿತಿ 300, ಅಲ್ಲಿ ಸ್ವರಚಿಹ್ನೆಯನ್ನು ವ್ಯಂಜನದ ಜೊತೆಗೇ ಒಂದಾಗಿ ಎಣಿಸುತ್ತಾರೆ, ಆದ್ದರಿಂದ ಕನ್ನಡಕ್ಕೆ ಜಾಗ ಹೆಚ್ಚು ಸಿಗುತ್ತದೆ. ಎಕ್ಸ್‌ನಲ್ಲಿ ಸಾಲದ ಜಾಗಕ್ಕೆ ಟ್ಯಾಗಿನ ಅಕ್ಷರ ಕಡಿದು ವಿಚಿತ್ರ ಸಂಕ್ಷೇಪ ಮಾಡುವುದಕ್ಕಿಂತ ಒಂದು ಟ್ಯಾಗನ್ನೇ ಬಿಡುವುದು ಒಳ್ಳೆಯದು.

ಎರಡನೆಯ ಪರೀಕ್ಷೆ: ಪೋಸ್ಟ್ ಹೊರಗಿನವರಿಗೆ ಕಾಣುತ್ತಿದೆಯೇ?

ನಿಮ್ಮನ್ನು ಫಾಲೋ ಮಾಡದ ಇನ್ನೊಂದು ಖಾತೆಯಿಂದ ಟ್ಯಾಗ್ ಪುಟವನ್ನು ತೆರೆಯಿರಿ. ನಿಮ್ಮದೇ ಖಾತೆಯಿಂದ ನೋಡಿ ಕಾಣುತ್ತಿದೆ ಎನ್ನುವುದು ಪುರಾವೆಯಲ್ಲ.

ಫೇಸ್‌ಬುಕ್‌ನ ವೈಯಕ್ತಿಕ ಖಾತೆಗಳಲ್ಲಿ ಮೊದಲು ನೋಡಬೇಕಾದ ಜಾಗ ಪೋಸ್ಟಿನ ಮೇಲಿರುವ ಪುಟ್ಟ ಚಿಹ್ನೆ. ಅದು "ಫ್ರೆಂಡ್ಸ್" ಎಂದಿದ್ದರೆ ಟ್ಯಾಗ್ ಎಷ್ಟೇ ಚೆನ್ನಾಗಿದ್ದರೂ ಸ್ನೇಹಿತರ ಬಳಗದ ಆಚೆ ಹೋಗದು. ಭೂಗೋಳದ ಚಿಹ್ನೆ, ಅಂದರೆ "ಪಬ್ಲಿಕ್", ಇರಬೇಕು. ಒಮ್ಮೆ ಆರಿಸಿದ್ದೇ ಮುಂದಿನ ಪೋಸ್ಟ್‌ಗಳಿಗೂ ಮುಂದುವರಿಯುವುದರಿಂದ ಎಂದೋ ಮಾಡಿದ ಆಯ್ಕೆ ತಿಂಗಳಾನುಗಟ್ಟಲೆ ಕಾಡಬಹುದು. ಖಾಸಗಿ ಗುಂಪಿನಲ್ಲಿ ಹಾಕಿದ ಟ್ಯಾಗ್ ಆ ಗುಂಪಿನೊಳಗೇ ಉಳಿಯುತ್ತದೆ. ಇನ್‌ಸ್ಟಾಗ್ರಾಮ್‌ನ ಖಾಸಗಿ ಖಾತೆ, ಎಕ್ಸ್‌ನ ಬೀಗ ಹಾಕಿದ ಖಾತೆಗಳಿಗೂ ಇದೇ ಮಾತು. ಮನೆಯವರಿಗಾಗಿ ಖಾತೆಯನ್ನು ಖಾಸಗಿಯಾಗಿ ಇಟ್ಟುಕೊಳ್ಳುವುದು ಸರಿಯೇ, ಆದರೆ ಹೊಸಬರು ಬೇಕೆಂದರೆ ಅದಕ್ಕೆ ಬೇರೆಯೇ ಖಾತೆ ಬೇಕು.

ಇನ್‌ಸ್ಟಾಗ್ರಾಮ್‌ನ ಸೆಟ್ಟಿಂಗ್ಸ್‌ನಲ್ಲಿ "ಅಕೌಂಟ್ ಸ್ಟೇಟಸ್" ಎಂಬ ಜಾಗವಿದೆ. ನಿಮ್ಮ ಪೋಸ್ಟ್‌ಗಳನ್ನು ಫಾಲೋ ಮಾಡದವರಿಗೆ ಶಿಫಾರಸು ಮಾಡಬಹುದೇ ಇಲ್ಲವೇ ಎಂದು ಅಲ್ಲಿ ಬರೆದಿರುತ್ತದೆ. ಎಲ್ಲೆಡೆ ಹಬ್ಬಿರುವ "ಗುಟ್ಟಾಗಿ ನಿಷೇಧ ಹೇರಿದ್ದಾರೆ" ಎಂಬ ಅನುಮಾನಕ್ಕೆ ಬೀಳುವ ಮೊದಲು ಈ ಪುಟ ನೋಡಿ. ಅಡ್ಡಿ ಇದ್ದರೆ ಯಾವ ಪೋಸ್ಟಿನಿಂದ ಎಂದು ಅದೇ ತೋರಿಸುತ್ತದೆ. ತೆಗೆಯಬಹುದು, ತಿದ್ದಬಹುದು, ಮರುಪರಿಶೀಲನೆ ಕೇಳಬಹುದು.

ಟ್ಯಾಗೇ ತಡೆಯಲ್ಪಟ್ಟಿರುವುದೂ ಉಂಟು. ಕೆಲವು ಪದಗಳನ್ನು ದುರ್ಬಳಕೆಯ ಕಾರಣಕ್ಕೆ ತಾಣಗಳು ಹುಡುಕಾಟದಿಂದ ತೆಗೆದಿರುತ್ತವೆ, ಪದ ನೋಡಲು ತೀರಾ ಸಾಧುವಾಗಿರಬಹುದು. ಟ್ಯಾಗ್ ಪುಟ ತೆರೆದಾಗ ಪೋಸ್ಟ್‌ಗಳ ಬದಲು ಸೂಚನೆ ಬಂದರೆ ಆ ಟ್ಯಾಗನ್ನು ಕೈಬಿಡಿ.

ಎಕ್ಸ್‌ನಲ್ಲಿ ಇನ್ನೊಂದು ನೇರ ಪರೀಕ್ಷೆ ಇದೆ. ಹುಡುಕುವ ಪೆಟ್ಟಿಗೆಯಲ್ಲಿ ಫ್ರಮ್ ಎಂಬ ಪದವನ್ನು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಡದೆ ಕೋಲನ್ ಮತ್ತು ನಿಮ್ಮ ಖಾತೆಯ ಹೆಸರು ಹಾಕಿ, ಆಮೇಲೆ ಜಾಗ ಬಿಟ್ಟು ಟ್ಯಾಗ್ ಬರೆಯಿರಿ. "ಲೇಟೆಸ್ಟ್" ವಿಭಾಗಕ್ಕೆ ಹೋಗಿ. ಇನ್ನೊಂದು ಖಾತೆಯಿಂದ ಹೀಗೆ ಹುಡುಕಿದರೂ ನಿಮ್ಮ ಪೋಸ್ಟ್ ಬರದಿದ್ದರೆ ದೋಷ ಟ್ಯಾಗಿನ ಬರವಣಿಗೆಯಲ್ಲಿದೆ ಅಥವಾ ಖಾತೆಯ ಸ್ಥಿತಿಯಲ್ಲಿದೆ. ಯಾವ ಟ್ಯಾಗ್ ಆರಿಸಬೇಕು ಎಂಬ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳುವುದು ಬೇಡ. ಸಂಬಂಧವಿಲ್ಲದ ಟ್ಯಾಗ್‌ಗಳನ್ನು ತುಂಬುವುದನ್ನೂ, ಟ್ರೆಂಡಿಂಗ್ ಟ್ಯಾಗನ್ನು ಬೇರೆ ವಿಷಯಕ್ಕೆ ಜನರನ್ನು ಸೆಳೆಯಲು ಬಳಸುವುದನ್ನೂ ಎಕ್ಸ್‌ನ ನಿಯಮಗಳು ಸ್ಪ್ಯಾಮ್ ಎಂದೇ ಪರಿಗಣಿಸುತ್ತವೆ. ಖಾತೆಯ ಸ್ಥಿತಿ ಕೆಡುವ ದಾರಿಗಳಲ್ಲಿ ಅದೂ ಒಂದು.

ಮೂರನೆಯ ಪರೀಕ್ಷೆ: ಸರಿಯಾದ ಗುಂಪೇ?

ಟ್ಯಾಗ್ ಪುಟದ ವೇಗವನ್ನು ಅಳೆಯಿರಿ. ಕಾಲಾನುಕ್ರಮದಲ್ಲಿ ಪೋಸ್ಟ್ ತೋರಿಸುವ ವಿಭಾಗಕ್ಕೆ ಹೋಗಿ, ಮೊದಲ ಪೋಸ್ಟ್ ಯಾವಾಗ ಹಾಕಿದ್ದು, ಇಪ್ಪತ್ತನೆಯದು ಯಾವಾಗ ಹಾಕಿದ್ದು ನೋಡಿ. ನಡುವಿನ ಸಮಯವೇ ಆ ಟ್ಯಾಗಿನ ವೇಗ. ಗಂಟೆಗೆ 60 ಪೋಸ್ಟ್ ಬೀಳುವ ಟ್ಯಾಗಿನಲ್ಲಿ ನಿಮ್ಮದು ಅರ್ಧ ಗಂಟೆಯಲ್ಲಿ ಮೊದಲ 30ರಿಂದ ಹೊರಗೆ ಹೋಗುತ್ತದೆ. ದಿನಕ್ಕೆ 5 ಬೀಳುವ ಟ್ಯಾಗಿನಲ್ಲಿ ಆರು ದಿನ ಅಲ್ಲೇ ಇರುತ್ತದೆ. ಕೊನೆಯ ಪೋಸ್ಟ್ ಎಂಟು ತಿಂಗಳ ಹಿಂದಿನದಾದರೆ ಆ ಪುಟ ಸತ್ತಿದೆ, ಅಲ್ಲಿ ಎಷ್ಟು ದಿನ ಇದ್ದರೂ ನೋಡುವವರಿಲ್ಲ.

ಚಿಕ್ಕ ಖಾತೆಗೆ ಹೊಂದುವುದು ನಡುವಿನ ಹಾಗೂ ಸಣ್ಣ ವೇಗದ ಟ್ಯಾಗ್‌ಗಳು. ತೀರಾ ದೊಡ್ಡದೊಂದು ಇದ್ದರೆ ತೊಂದರೆಯೇನಿಲ್ಲ, ಆದರೆ ಅದರ ಮೇಲೆ ಭರವಸೆ ಇಡಬೇಡಿ. ಸಣ್ಣದು ಎಂದರೆ ನಿರ್ದಿಷ್ಟವಾದದ್ದು. #ಗಿಡ ಬಹಳ ಅಗಲ, #ಕೈತೋಟ ಸ್ವಲ್ಪ ಹತ್ತಿರ, #ಗುಲಾಬಿ_ಕಸಿ ಎಂದರೆ ಹುಡುಕಿ ಬಂದವರಿಗೆ ನಿಮ್ಮ ಪೋಸ್ಟೇ ಬೇಕಾಗಿರುತ್ತದೆ. ಅಂಥ ಹತ್ತು ಜನ ದೊಡ್ಡ ಟ್ಯಾಗಿನ ಸಾವಿರ ಕಣ್ಣುಗಳಿಗಿಂತ ಹೆಚ್ಚು ಬೆಲೆಯವರು, ಏಕೆಂದರೆ ಅವರು ನಿಂತು ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ, ಉಳಿಸಿಕೊಳ್ಳುತ್ತಾರೆ.

ಪದದ ಅರ್ಥ ಎರಡಾಗಿರುವುದನ್ನು ಗಮನಿಸದೆ ಸೋಲುವವರು ಬಹಳ. #ಕಲೆ ಎಂಬುದು ಚಿತ್ರಕಲೆಯೂ ಹೌದು, ಬಟ್ಟೆಗೆ ಅಂಟಿದ ಕಲೆಯೂ ಹೌದು. #ಕಾಡು ಎಂದರೆ ಅರಣ್ಯ, ಪೀಡಿಸು ಎಂಬ ಅರ್ಥವೂ ಇದೆ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಈ ಅಪಾಯ ಇಮ್ಮಡಿ. "ಕಲೆ" ಎಂದು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಅದೇ ಅಕ್ಷರಗಳ ಒಂದು ಸೊಪ್ಪಿನ ಹೆಸರಿದೆ, ನಿಮ್ಮ ಚಿತ್ರ ಸೊಪ್ಪಿನ ಅಡುಗೆಗಳ ನಡುವೆ ಕೂರುತ್ತದೆ. "ಮನೆ" ಬರೆದರೆ ಕುದುರೆಯ ಕತ್ತಿನ ಕೂದಲು, "ಹೊಳೆ" ಬರೆದರೆ ತೂತು. ಬಳೆ, ಬಾಳೆ, ಬಲೆ ಮೂರೂ ಒಂದೇ ಟ್ಯಾಗ್ ಆಗಿಬಿಡುತ್ತವೆ. ಇಂಗ್ಲಿಷ್ ಲಿಪಿಯ ಕನ್ನಡ ಟ್ಯಾಗ್ ಬೇಕೇ ಬೇಕೆಂದರೆ ಭಾಷೆಯ ಹೆಸರನ್ನೋ ವಿಷಯವನ್ನೋ ಜೊತೆಗೆ ಸೇರಿಸಿ ಗೊಂದಲ ಬಿಡಿಸಿ. ಇಷ್ಟೆಲ್ಲ ತೊಡಕಿದೆ ಎಂದು ಕನ್ನಡ ಲಿಪಿಯ ಟ್ಯಾಗನ್ನು ಬಿಡಬೇಡಿ. ಕನ್ನಡದಲ್ಲಿ ಹುಡುಕುವವರು ಕನ್ನಡ ಓದುವವರೇ ಆಗಿರುತ್ತಾರೆ, ಬೇರೆ ಯಾವ ಟ್ಯಾಗೂ ಓದುಗರನ್ನು ಇಷ್ಟು ಸ್ಪಷ್ಟವಾಗಿ ಆರಿಸಿಕೊಡದು.

ಇಂಗ್ಲಿಷ್‌ನಲ್ಲಿ ಹಲವು ಪದ ಸೇರಿಸಿದರೆ ಪ್ರತಿ ಪದದ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯಿರಿ. ಟ್ಯಾಗ್ ಬದಲಾಗುವುದಿಲ್ಲ, ಓದು ಸುಲಭವಾಗುತ್ತದೆ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಪದಗಳನ್ನು ಬಿಡಿಸಿ ಓದುತ್ತದೆ. 2013ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ತೀರಿಕೊಂಡಾಗ ಥ್ಯಾಚರ್ ಇನ್ನಿಲ್ಲ ಎಂಬರ್ಥದ ಟ್ಯಾಗನ್ನು (#nowthatchersdead) ಎಲ್ಲ ಸಣ್ಣ ಅಕ್ಷರಗಳಲ್ಲಿ ಬರೆದದ್ದರಿಂದ, ಪದ ಬೇರೆ ಕಡೆ ಒಡೆದು, ಗಾಯಕಿ ಶೇರ್ ಸತ್ತರೆಂದು ಕೆಲವರು ಓದಿಕೊಂಡರು. ಕನ್ನಡದಲ್ಲಿ ದೊಡ್ಡ ಅಕ್ಷರ ಇಲ್ಲ, ಆ ಕೆಲಸಕ್ಕೆ ಅಂಡರ್‌ಸ್ಕೋರ್ ಇದೆ. ಸಂಧಿಯನ್ನೂ ಗಮನಿಸಿ: ಹಳೆಗನ್ನಡ ಎಂದು ಜನ ಹುಡುಕುವಾಗ ನೀವು #ಹಳೆ_ಕನ್ನಡ ಎಂದು ಬಿಡಿಸಿದರೆ ಬೇರೆ ಪುಟಕ್ಕೆ ಹೋದಿರಿ.

ಎರಡು ಬಗೆಯ ಟ್ಯಾಗ್‌ಗಳಿಂದ ಏನೂ ನಿರೀಕ್ಷಿಸಬೇಡಿ. ಒಂದು, ನನ್ನನ್ನು ಫಾಲೋ ಮಾಡಿ, ವೈರಲ್ ಆಗಲಿ, ಎಕ್ಸ್‌ಪ್ಲೋರ್ ಪುಟಕ್ಕೆ ಬರಲಿ ಎಂಬ ಅರ್ಥದವು. ಅವು ಪೋಸ್ಟಿನ ವಿಷಯವನ್ನೇ ಹೇಳುವುದಿಲ್ಲ, ಅವುಗಳಿಂದ ಬರುವ ಲೈಕ್‌ಗಳಲ್ಲಿ ತಾನೇ ತಾನಾಗಿ ಓಡುವ ಖಾತೆಗಳದ್ದು ದೊಡ್ಡ ಪಾಲು. ಇನ್ನೊಂದು, ನೀವೇ ಸೃಷ್ಟಿಸಿದ ಸ್ವಂತ ಹೆಸರಿನ ಟ್ಯಾಗ್. ನಿಮ್ಮ ಪೋಸ್ಟ್‌ಗಳನ್ನು ಒಂದೆಡೆ ಜೋಡಿಸಲು, ಸ್ಪರ್ಧೆ ಅಥವಾ ಕಾರ್ಯಕ್ರಮಕ್ಕೆ ಬಂದವರ ಚಿತ್ರಗಳನ್ನು ಕಲೆಹಾಕಲು ಅದು ಬಹಳ ಉಪಯುಕ್ತ. ಆದರೆ ನಿಮ್ಮನ್ನು ತಿಳಿಯದವರು ಅದನ್ನು ಹುಡುಕಲಾರರು, ಆದ್ದರಿಂದ ಹೊಸಬರನ್ನು ತರುವ ಟ್ಯಾಗ್‌ಗಳ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ಎಷ್ಟು ಟ್ಯಾಗ್, ಎಲ್ಲಿ

ಇನ್‌ಸ್ಟಾಗ್ರಾಮ್‌ನಲ್ಲಿ ಬಹುಕಾಲ 30ರ ಮಿತಿ ಇತ್ತು, ಪೂರ್ತಿ 30 ತುಂಬಿಸಿ ಎಂಬ ಸಲಹೆ ಆ ಕಾಲದ್ದು. 2021ರಲ್ಲಿ ಕಂಪನಿಯೇ 3ರಿಂದ 5 ಸಾಕು, 10–20 ಹಾಕಿದರೆ ಹೆಚ್ಚಿನ ಪ್ರಸಾರ ಸಿಗದು ಎಂದಿತು. ಹುಡುಕಾಟದಲ್ಲಿ ಸಿಗಬೇಕಾದರೆ ಟ್ಯಾಗ್ ಹಾಗೂ ವಿಷಯದ ಪದಗಳು ಕಾಮೆಂಟಿನಲ್ಲಲ್ಲ, ಕ್ಯಾಪ್ಷನ್‌ನಲ್ಲೇ ಇರಲಿ ಎಂದೂ ಅದೇ ವರ್ಷ ಹೇಳಿತು. ಟ್ಯಾಗನ್ನು ಫಾಲೋ ಮಾಡುವ ಸೌಲಭ್ಯವನ್ನು 2024ರ ಡಿಸೆಂಬರ್‌ನಲ್ಲಿ ತೆಗೆದುಹಾಕಿತು. ಹಾಗಾಗಿ ಟ್ಯಾಗ್ ಹಾಕಿದರೆ ಅದನ್ನು ಫಾಲೋ ಮಾಡುವವರ ಮುಖಪುಟಕ್ಕೆ ತಾನಾಗಿ ಹೋಗುತ್ತದೆ ಎಂಬ ಹಳೆಯ ಲೆಕ್ಕ ಈಗ ತಪ್ಪು. ಈಗ ಜನ ಬರುವುದು ಹುಡುಕಾಟದಿಂದ ಮತ್ತು ಶಿಫಾರಸಿನಿಂದ. ಆದ್ದರಿಂದ ಕ್ಯಾಪ್ಷನ್‌ನ ಮೊದಲ ವಾಕ್ಯದಲ್ಲೇ ವಿಷಯದ ಹೆಸರು ಸಾದಾ ಪದವಾಗಿ ಬರಬೇಕು. "ಇದನ್ನು ನೋಡಿ!" ಎಂದು ಶುರುಮಾಡಿ ಕೆಳಗೆ ಟ್ಯಾಗ್ ಸುರಿದರೆ ಸಾಲದು.

ಯೂಟ್ಯೂಬ್‌ನಲ್ಲಿ ವಿವರಣೆಯಲ್ಲಿ ಹಾಕಿದ ಟ್ಯಾಗ್‌ಗಳಲ್ಲಿ ಮೂರರವರೆಗೆ ಶೀರ್ಷಿಕೆಯ ಬಳಿ ಕಾಣಿಸುತ್ತವೆ, ಮುಖ್ಯವಾದವು ಮೊದಲು ಬರಲಿ. 60 ಮೀರಿದರೆ ಆ ವಿಡಿಯೊದ ಎಲ್ಲ ಟ್ಯಾಗ್‌ಗಳನ್ನೂ ಯೂಟ್ಯೂಬ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾವ ವಿಡಿಯೊಗೂ ಅಷ್ಟು ಬೇಕಾಗುವುದೂ ಇಲ್ಲ. ಎಕ್ಸ್‌ನಲ್ಲಿ ಒಂದು ಅಥವಾ ಎರಡು, ಅದಕ್ಕಿಂತ ಹೆಚ್ಚಾದರೆ ಓದು ಕೆಡುತ್ತದೆ. ಫೇಸ್‌ಬುಕ್‌ನಲ್ಲಿ ಎರಡು ಸಾಕು. ಯಾವ ಒಂದು ಕಂಪನಿಯ ಹಿಡಿತದಲ್ಲೂ ಇಲ್ಲದ ತಾಣವಾದ ಮಾಸ್ಟೊಡಾನ್‌ನಲ್ಲಿ ಮಾತ್ರ ಟ್ಯಾಗಿಗೆ ಬಹಳ ಮಹತ್ವ. ಅಲ್ಲಿ ಜನಪ್ರಿಯತೆ ನೋಡಿ ಮುಖಪುಟವನ್ನು ಜೋಡಿಸುವ ಯಂತ್ರವಿಲ್ಲ, ಬರಹದ ಪದಗಳನ್ನು ಹುಡುಕಬೇಕಾದರೂ ಬರೆದವರು ಒಪ್ಪಿಗೆ ಕೊಟ್ಟಿರಬೇಕು. ಟ್ಯಾಗ್ ಇಲ್ಲದ ಪೋಸ್ಟ್ ಹೊಸಬರಿಗೆ ಸಿಗುವುದು ಕಷ್ಟ.

ನಾಲ್ಕನೆಯದು: ತಲುಪಿದೆ, ನಿಲ್ಲುತ್ತಿಲ್ಲ

ಇನ್‌ಸ್ಟಾಗ್ರಾಮ್‌ನ ಇನ್‌ಸೈಟ್ಸ್‌ನಲ್ಲಿ ಫಾಲೋವರ್‌ಗಳು ಎಷ್ಟು, ಫಾಲೋ ಮಾಡದವರು ಎಷ್ಟು ಎಂದು ಬೇರೆಬೇರೆ ತೋರಿಸುತ್ತದೆ. ಯೂಟ್ಯೂಬ್ ಸ್ಟುಡಿಯೊದ ಟ್ರಾಫಿಕ್ ಮೂಲಗಳಲ್ಲಿ ಹ್ಯಾಶ್‌ಟ್ಯಾಗ್ ಪುಟಗಳಿಂದ ಬಂದವರ ಲೆಕ್ಕ ಇರುತ್ತದೆ. ಫಾಲೋ ಮಾಡದವರ ಸಂಖ್ಯೆ ಚೆನ್ನಾಗಿದ್ದು, ಯಾರೂ ಉಳಿಸಿಕೊಳ್ಳದೆ, ಕಾಮೆಂಟ್ ಮಾಡದೆ, ಖಾತೆಯ ಪುಟಕ್ಕೂ ಬರದೆ ಹೋದರೆ ಟ್ಯಾಗ್ ತನ್ನ ಕೆಲಸ ಮಾಡಿದೆ. ಆಗ ಮೊದಲ ಚಿತ್ರ, ಮೊದಲ ಸಾಲು ನೋಡಿ. ಟ್ಯಾಗ್ ಹೇಳಿದ ವಿಷಯ ಅವೆರಡರಲ್ಲೂ ಕಾಣುತ್ತಿದೆಯೇ? #ಗುಲಾಬಿ_ಕಸಿ ಎಂದು ಹುಡುಕಿ ಬಂದವರಿಗೆ ಅರಳಿದ ಹೂವಿನ ಚಿತ್ರ ಮಾತ್ರ ಸಿಕ್ಕರೆ ಅವರು ಮುಂದೆ ಸರಿಯುತ್ತಾರೆ. ಕಸಿಯ ಗಾಯ ಎಲ್ಲಿ ಕೊಯ್ಯಬೇಕು ಎಂಬ ಚಿತ್ರ ಅವರಿಗೆ ಬೇಕಿತ್ತು.

ದೋಷ ಸರಿಯಾಯಿತೇ ಎಂದು ಅಳೆಯುವುದು

ಒಂದು ಸಲಕ್ಕೆ ಒಂದೇ ಬದಲಾವಣೆ. ಟ್ಯಾಗ್, ಪೋಸ್ಟ್ ಮಾಡುವ ಹೊತ್ತು, ಚಿತ್ರದ ಶೈಲಿ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಫಲ ಬಂತು ಎಂದು ತಿಳಿಯುವುದಿಲ್ಲ. ಒಂದೇ ಬಗೆಯ 10 ಪೋಸ್ಟ್ ಯೋಜಿಸಿ, ಒಂದು ಬಿಟ್ಟು ಒಂದಕ್ಕೆ ಹಳೆಯ ಟ್ಯಾಗ್ ಗುಂಪು, ಹೊಸ ಟ್ಯಾಗ್ ಗುಂಪು ಹಾಕಿ. ಹಾಕುವ ಹೊತ್ತು ಒಂದೇ ಇರಲಿ. ಪ್ರತಿಯೊಂದರ ಅಂಕಿಯನ್ನೂ ಪ್ರಕಟಿಸಿ ಸರಿಯಾಗಿ 7 ದಿನವಾದ ಮೇಲೆ ಬರೆದಿಡಿ. ಮೊದಲ ಪೋಸ್ಟನ್ನು ಮೂರು ವಾರದ ಬಳಿಕ, ಕೊನೆಯದನ್ನು ಎರಡೇ ದಿನಕ್ಕೆ ನೋಡಿದರೆ ಹೋಲಿಕೆ ಸುಳ್ಳಾಗುತ್ತದೆ.

ಸರಾಸರಿಯನ್ನು ನಂಬಬೇಡಿ, ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ನಟ್ಟನಡುವಿನದನ್ನು ತೆಗೆದುಕೊಳ್ಳಿ. ಐದು ಪೋಸ್ಟ್‌ಗಳನ್ನು ಫಾಲೋ ಮಾಡದವರು ನೋಡಿದ ಸಂಖ್ಯೆ 40, 45, 50, 55, 900 ಎಂದಿರಲಿ. ಸರಾಸರಿ 218 ಬರುತ್ತದೆ, ನಿಜ ಸ್ಥಿತಿ 50ರ ಹತ್ತಿರ. ಆ 900 ಯಾರೋ ದೊಡ್ಡ ಖಾತೆಯವರು ಹಂಚಿಕೊಂಡದ್ದರಿಂದ ಬಂದಿರಬಹುದು, ಟ್ಯಾಗಿಗೂ ಅದಕ್ಕೂ ಸಂಬಂಧವಿಲ್ಲ. ಎರಡು ಗುಂಪುಗಳಿಂದ ಹೀಗೆ ತೆಗೆದ ನಟ್ಟನಡುವಿನ ಅಂಕಿಗಳು 50 ಮತ್ತು 56 ಆಗಿದ್ದರೆ ವ್ಯತ್ಯಾಸವಿಲ್ಲ ಎಂದೇ ತಿಳಿಯಿರಿ. 50 ಮತ್ತು 140 ಆಗಿದ್ದರೆ ಹೊಸ ಗುಂಪನ್ನು ಉಳಿಸಿಕೊಳ್ಳಬಹುದು.

ಗೆದ್ದ ಗುಂಪನ್ನು ಫೋನಿನಲ್ಲಿ ಉಳಿಸಿಟ್ಟು ಪ್ರತಿ ಪೋಸ್ಟಿಗೂ ಕಣ್ಣುಮುಚ್ಚಿ ಅಂಟಿಸುವ ಅಭ್ಯಾಸ ಬೇಡ. ಎರಡು ಟ್ಯಾಗ್ ಸ್ಥಿರವಾಗಿರಲಿ, ಉಳಿದವು ಆ ದಿನದ ಪೋಸ್ಟಿನ ವಿಷಯಕ್ಕೆ ತಕ್ಕಂತೆ ಬದಲಾಗಲಿ. ಉಳಿಸಿಟ್ಟ ಪಠ್ಯದಲ್ಲಿ ಒಂದು ತಪ್ಪು ಸೊನ್ನೆ ಸೇರಿದ್ದರೆ ಅದೂ ಪ್ರತಿ ಸಲ ನಕಲಾಗುತ್ತಾ ಹೋಗುತ್ತದೆ. ಹಳೆಯ ಪೋಸ್ಟ್‌ಗಳನ್ನು ತಿದ್ದುವುದಾದರೆ ಎಲ್ಲವನ್ನೂ ಮುಟ್ಟಬೇಕಿಲ್ಲ. ಹುಡುಕಿ ಬರುವವರಿಗೆ ಇಂದಿಗೂ ಉಪಯೋಗವಾಗುವ, ಮಾಡುವ ವಿಧಾನ ಹೇಳಿಕೊಡುವಂಥವನ್ನು ಆರಿಸಿ, ಮೊದಲು ಮುರಿದ ಟ್ಯಾಗ್ ಸರಿಪಡಿಸಿ, ಆಮೇಲೆ ಮೊದಲ ಸಾಲಿಗೆ ವಿಷಯದ ಹೆಸರು ತನ್ನಿ, ಕೊನೆಗೆ ಒತ್ತಿ ನೋಡಿ.